ಲೆಕ್ಕದ ಪುಸ್ತಕದಲ್ಲಿ ಕಾಣುವ ನಂಬಿಕೆ

ಸಂಘದ ಎಲ್ಲ ಬಂಧುಗಳಿಗೆ ವಂದನೆಗಳು. ಡಿಸೆಂಬರ್ ಸಂಚಿಕೆಯ ಸಂಪಾದಕೀಯ ಸಾಮಾನ್ಯವಾಗಿ ಕ್ರಿಸ್ಮಸ್ ಶುಭಾಶಯದಲ್ಲೇ ಮುಗಿದುಹೋಗುತ್ತದೆ. ಈ ಸಲ ನಮ್ಮ ಕ್ರೈಸ್ತ ಸದಸ್ಯರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತಿದ್ದೇನೆ. ಕ್ರೈಸ್ತ ಮನೆತನದಲ್ಲೇ ಬೆಳೆದ ನನಗೂ ಅದು ಹೊಸದಲ್ಲ. ಊರಲ್ಲಿದ್ದಾಗ ಚರ್ಚಿನ ಸಭೆ, ಪಾದ್ರಿಗಳು, ಬಂಧುಬಳಗ ಎಲ್ಲರೂ ಸುತ್ತಲಿದ್ದು, ದಾರಿ ತಪ್ಪಿದರೆ ಕಿವಿ ಹಿಂಡುತ್ತಿದ್ದರು. ಇಲ್ಲಿ, ಪರದೇಶದಲ್ಲಿ, ವಾರವಿಡೀ ಜೊತೆಗಿರುವವರು ಸಹೋದ್ಯೋಗಿಗಳು, ನೆರೆಯವರು ಮತ್ತು ಈ ಸಂಘದ ಗೆಳೆಯರು. ಅವರಲ್ಲಿ ಹೆಚ್ಚಿನವರಿಗೆ ನಮ್ಮ ನಂಬಿಕೆಯ ಪರಿಚಯವಾಗುವುದಿದ್ದರೆ ಅದು ನಮ್ಮ ನಡತೆಯಿಂದಲೇ ಆಗಬೇಕು. ಹಾಗಿರುವಾಗ ಅವರ ನಡುವೆ ಮಾದರಿಯಾಗಿ ಬದುಕುವುದು ಹೇಗೆ?

ಈ ಪ್ರಶ್ನೆಗೆ ಪರ್ವತಪ್ರಸಂಗದಲ್ಲಿ, ಅಂದರೆ ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದಲ್ಲಿ, ಎರಡು ಉತ್ತರಗಳಿವೆ, ಮೇಲುನೋಟಕ್ಕೆ ಅವು ಒಂದಕ್ಕೊಂದು ಹೊಂದುವುದಿಲ್ಲ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ, ಜನ ನಿಮ್ಮ ಒಳ್ಳೆಯ ಕ್ರಿಯೆಗಳನ್ನು ಕಾಣುವಂತೆ ನಿಮ್ಮ ಬೆಳಕು ಅವರ ಮುಂದೆ ಪ್ರಕಾಶಿಸಲಿ ಎಂದು ಯೇಸು ಹೇಳುತ್ತಾನೆ. 6ನೆಯ ಅಧ್ಯಾಯ ತೆರೆಯುವುದೇ, ಜನ ನೋಡಲೆಂದು ಧರ್ಮಕಾರ್ಯ ಮಾಡಬೇಡಿ ಎಂಬ ಎಚ್ಚರಿಕೆಯಿಂದ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು, ಪ್ರಾರ್ಥನೆಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳಿ ಎಂದು ಮಾತು ಮುಂದುವರಿಯುತ್ತದೆ. ಕಾಣುವುದು ಬೇರೆ, ಕಾಣಿಸಿಕೊಳ್ಳುವುದು ಬೇರೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಮಾದರಿಯಾಗಲೆಂದೇ ಹೊರಟವರು ಬೇಗ ದಣಿಯುತ್ತಾರೆ, ನೋಡುವವರನ್ನೂ ದಣಿಸುತ್ತಾರೆ. ದಿನಕ್ಕೊಂದು ವಾಕ್ಯವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರ ಮೇಲೆ ನನಗೆ ದೂರಿಲ್ಲ. ಆದರೆ ಹತ್ತೇ ನಿಮಿಷದಲ್ಲಿ ಅದೇ ಬೆರಳಿನಿಂದ ಇನ್ನೊಬ್ಬರ ಮನೆಯ ಜಗಳದ ಸುದ್ದಿಯೂ ಹೊರಟರೆ, ಓದುವವರು ನೆನಪಿಟ್ಟುಕೊಳ್ಳುವುದು ಯಾವುದನ್ನು ಎಂದು ಹೇಳಬೇಕಾಗಿಲ್ಲ.

ನಮ್ಮ ನಾಡಿನಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದವರು. ಪಾದ್ರಿಯೆಂದರೆ ಪರದೇಶದ ಮತವನ್ನು ಸಾರುವವನೆಂದೇ ಜನ ಎಣಿಸುತ್ತಿದ್ದ ಕಾಲದಲ್ಲಿ ಅವರು ಸರ್ವಜ್ಞನ ತ್ರಿಪದಿಗಳ ಬೆನ್ನು ಹತ್ತಿದರು. ಜನರ ಬಾಯಲ್ಲಿದ್ದುದನ್ನೂ ಹಳೆಯ ಪ್ರತಿಗಳಲ್ಲಿದ್ದುದನ್ನೂ ಕಲೆಹಾಕಿ, ಹೋಲಿಸಿ, ತಿದ್ದಿ, 1924ರಲ್ಲಿ ಅಚ್ಚು ಹಾಕಿಸಿದರು. ಭಕ್ತಿಯ ಸೋಗನ್ನು ಅಷ್ಟು ನಿಷ್ಠುರವಾಗಿ ಚುಚ್ಚಿದ ಕವಿಯನ್ನು ಒಬ್ಬ ಪಾದ್ರಿ ಅಷ್ಟು ಪ್ರೀತಿಯಿಂದ ಹುಡುಕಿಕೊಂಡು ಹೋದದ್ದು ನನಗೆ ಬಹಳ ಹಿಡಿಸುವ ಸಂಗತಿ. ವಚನಸಾಹಿತ್ಯದಲ್ಲಿಯೂ ಅವರದು ಆಳವಾದ ವ್ಯಾಸಂಗ. ತಾವು ಕ್ರೈಸ್ತರೆಂಬುದನ್ನು ಅವರು ಎಲ್ಲಿಯೂ ಮುಚ್ಚಿಡಲಿಲ್ಲ, ಕ್ರಿಸ್ತನ ವಿಷಯ ಬರೆಯುವುದನ್ನೂ ಬಿಡಲಿಲ್ಲ. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಕನ್ನಡಿಗರು ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದು ಇವರನ್ನು. ಆ ಗೌರವ ಬಂದದ್ದು ಉಪದೇಶದಿಂದಲ್ಲ, ನೆರೆಯವರ ಸಿರಿಯನ್ನು ತಮ್ಮದರಷ್ಟೇ ಜೋಪಾನ ಮಾಡಿದ ಶ್ರಮದಿಂದ. ಬಾಸೆಲ್ ಮಿಷನ್ನಿನವರೇ ಆದ ಕಿಟ್ಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟನ್ನೂ, 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ತೊಡಗಿದ ಫಾದರ್ ಮುಲ್ಲರ್ ಅವರನ್ನೂ ಇದೇ ಸಾಲಿನಲ್ಲಿ ನೆನೆಯಬಹುದು. ಅವರ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ನಾವ್ಯಾರೂ ಉತ್ತಂಗಿಯವರಲ್ಲ, ನಿಜ. ಆದರೆ ನಮ್ಮ ಸಂಘದಲ್ಲೇ ಕೆಲವು ವರ್ಷಗಳ ಹಿಂದೆ ಖಜಾಂಚಿಯಾಗಿದ್ದ ಹಿರಿಯರೊಬ್ಬರನ್ನು ಹಳಬರು ಮರೆತಿರಲಾರರು. ಹೆಸರು ಬರೆದರೆ ಅವರು ಮುನಿಸಿಕೊಳ್ಳುತ್ತಾರೆ. ಅವರ ಲೆಕ್ಕದ ಪುಸ್ತಕದಲ್ಲಿ ಪ್ರತಿ ಖರ್ಚಿನ ರಸೀತಿಯೂ ತಾರೀಖಿನ ಪ್ರಕಾರ ಅಂಟಿಸಿರುತ್ತಿತ್ತು. ಶಾಯಿ ಮಾಸಿಹೋಗುವ ರಸೀತಿಗಳ ಪಕ್ಕದಲ್ಲಿ ಮೊತ್ತವನ್ನು ಪೆನ್ನಿನಲ್ಲಿ ಮತ್ತೊಮ್ಮೆ ಬರೆದಿಡುತ್ತಿದ್ದರು. ರಾಜ್ಯೋತ್ಸವದ ಸಾಮಾನು ತರಲು ಹೋದಾಗ ಅವರ ಕಾರಿಗೆ ಒಮ್ಮೆ ಪಾರ್ಕಿಂಗ್ ದಂಡ ಬಿತ್ತು. ಸಂಘದ ಕೆಲಸಕ್ಕೆ ಹೋದದ್ದಲ್ಲವೇ, ಸಂಘದಿಂದಲೇ ಕಟ್ಟೋಣ ಎಂದು ಸಮಿತಿಯವರು ಹೇಳಿದರು. "ಬೋರ್ಡು ಓದದೆ ಗಾಡಿ ನಿಲ್ಲಿಸಿದವನು ನಾನು, ಅದಕ್ಕೆ ನೀವೆಲ್ಲ ಯಾಕೆ ದಂಡ ಕಟ್ಟಬೇಕು?" ಎಂದು ನಕ್ಕು, ಮಾತನ್ನು ಚಪಾತಿಯ ಆರ್ಡರಿನ ಕಡೆಗೆ ತಿರುಗಿಸಿಬಿಟ್ಟರು. ಅವರು ಭಾನುವಾರ ತಪ್ಪದೆ ಆರಾಧನೆಗೆ ಹೋಗುವವರೆಂದು ಸಮಿತಿಯ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅವರ ನಂತರ ಖಜಾಂಚಿಯಾದವರು ಶಿವಮೊಗ್ಗದ ಕಡೆಯ ಸಂಪ್ರದಾಯಸ್ಥ ಮನೆಯವರು. ಯಾರೂ ಹೇಳದಿದ್ದರೂ ಅವರು ರಸೀತಿ ಅಂಟಿಸುವ ಕ್ರಮವನ್ನೇ ಮುಂದುವರಿಸಿದರು. ಆ ಪುಸ್ತಕ ಈಗಲೂ ಸಂಘದ ಕಪಾಟಿನಲ್ಲಿದೆ, ನೋಡಬಹುದು.

ಹಾಗೆಂದು ಬಾಯಿ ಬಿಡಲೇಬಾರದೆಂದು ನಾನು ಹೇಳುತ್ತಿಲ್ಲ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಕೊಡಿ ಎಂಬುದು ಪೇತ್ರನ ಮೊದಲನೆಯ ಪತ್ರಿಕೆಯ ಸಲಹೆ. ಕೇಳುವವರು ಮೊದಲು ಕೇಳಲಿ ಎಂಬುದು ಅದರಲ್ಲೇ ಅಡಗಿದೆ. ಗೆಳೆಯರ ಮನೆಯಲ್ಲಿ ಸಾವಾದಾಗ ಸಾಂತ್ವನದ ಹೆಸರಿನಲ್ಲಿ ಮತದ ಮಾತು ತೆಗೆಯುವವರನ್ನು ನಾನು ಕಂಡಿದ್ದೇನೆ. ಆ ಹೊತ್ತಿಗೆ ಅನ್ನ ಸಾರು ಮಾಡಿ ತಂದಿಟ್ಟು, ಪಾತ್ರೆ ತೊಳೆದು ಹೋಗುವುದೇ ಮೇಲು. ಮಂಗಳೂರು ಕಡೆಯ ನಮ್ಮ ಕುಟುಂಬಗಳು ಕ್ರಿಸ್ಮಸ್ಸಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಹಂಚುವಾಗ, ಮೊಟ್ಟೆ ತಿನ್ನದ ಮನೆಗಳಿಗೆಂದು ಬೇರೆ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ ನೆವ್ರಿ (ಸಿಹಿ ಹೂರಣದ ಕರಿಗಡಬು) ಕರಿದು ಕೊಡುವುದನ್ನು ನೋಡಿದ್ದೇನೆ. ತಟ್ಟೆ ಪಡೆದ ಮನೆಯವರಿಗೆ ಆ ಎರಡನೆಯ ಬಾಣಲೆಯ ಸಂಗತಿ ಗೊತ್ತೇ ಇರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ನಡೆಯುವುದು ಮನೆಯೊಳಗೆ. ಇಲ್ಲಿ ಬೆಳೆಯುತ್ತಿರುವ ಮಕ್ಕಳು ಭಾನುವಾರ ಶಾಲೆಯಲ್ಲಿ ಕಲಿತದ್ದನ್ನು ಸೋಮವಾರ ನಮ್ಮ ಮೇಲೆ ಅಳೆದು ನೋಡುತ್ತಾರೆ. ಫೋನು ಬಂದಾಗ "ಅಪ್ಪ ಮನೇಲಿಲ್ಲ ಅಂತ ಹೇಳು" ಎಂದು ಸೋಫಾದಿಂದಲೇ ಹೇಳಿಕೊಡುವ ತಂದೆ, ಹನ್ನೆರಡು ತುಂಬಿದ ಮಗಳ ವಯಸ್ಸನ್ನು ಟಿಕೆಟ್ ಕೌಂಟರಿನಲ್ಲಿ ಹನ್ನೊಂದಕ್ಕೆ ಇಳಿಸುವ ತಾಯಿ, ಮನೆ ಶುಚಿಗೊಳಿಸಲು ಬರುವ ಹೆಂಗಸಿನ ಹೆಸರನ್ನು ವರ್ಷವಾದರೂ ಕೇಳದ ಕುಟುಂಬ, ಇವೆಲ್ಲ ಮಕ್ಕಳ ಲೆಕ್ಕದಲ್ಲಿ ಜಮೆಯಾಗುತ್ತವೆ. ಹದಿನಾರು ತುಂಬಿದ ಮೇಲೆ ಅವರು ಸಭೆಗೆ ಬರುವುದನ್ನು ನಿಲ್ಲಿಸಿದಾಗ ನಾವು ಈ ದೇಶದ ಗಾಳಿಯನ್ನು ದೂರುತ್ತೇವೆ. ಆ ದೂರಿನಲ್ಲಿ ಸ್ವಲ್ಪ ಸತ್ಯವಿರಬಹುದು, ಪೂರ್ತಿ ಇಲ್ಲ. ಈ ವಿಷಯದಲ್ಲಿ ಹೆತ್ತವರೂ, ಅವರಿಗಿಂತ ಮುಖ್ಯವಾಗಿ ಮಕ್ಕಳೂ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಸಂತೋಷವಿದೆ. ಮಕ್ಕಳು ಇಂಗ್ಲಿಷಿನಲ್ಲಿ ಬರೆದರೆ ಕನ್ನಡಕ್ಕೆ ತರುವ ಹೊಣೆ ನಮ್ಮದು.

– ಸಂಪಾದಕಿ