ನೋವಿಲ್ಲ ಅಂತ ಸುಮ್ನಿರಬೇಡ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ನಮ್ಮ ಮನೇಲಿ ಯಾರಿಗೂ ಕ್ಯಾನ್ಸರ್ ಇಲ್ಲ, ನಂಗ್ಯಾಕೆ ಬರುತ್ತೆ ದೊಡ್ಡಮ್ಮ" ಅಂದೆಯಲ್ಲ, ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸ್ತನ ಕ್ಯಾನ್ಸರ್ ಆದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ, ಹೆಣ್ಣು ಅನ್ನುವುದು ಮತ್ತು ವಯಸ್ಸು ಬಿಟ್ಟರೆ, ಬೇರೆ ಕಾರಣವೇ ಕಾಣುವುದಿಲ್ಲ. ಬಿಆರ್‌ಸಿಎ ಜೀನಿನ ದೋಷದಿಂದ, ವಂಶದಲ್ಲಿ ಇಳಿದು ಬರುವುದು ಕೆಲವರಿಗೆ ಮಾತ್ರ. 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಹೆಂಗಸರಿಗೆ ಇದು ಪತ್ತೆಯಾಯಿತು, 6 ಲಕ್ಷ 70 ಸಾವಿರ ಜನ ತೀರಿಕೊಂಡರು.

ನನಗೆ ಸಂಕಟ ಆಗುವುದು ಇನ್ನೊಂದು ಲೆಕ್ಕಕ್ಕೆ. ತುಂಬಾ ಮುಂದುವರಿದ ದೇಶಗಳಲ್ಲಿ ಜೀವಮಾನದಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಇದು ಬರುತ್ತದೆ, 71ರಲ್ಲಿ ಒಬ್ಬರು ಸಾಯುತ್ತಾರೆ. ತೀರಾ ಹಿಂದುಳಿದ ದೇಶಗಳಲ್ಲಿ 27ರಲ್ಲಿ ಒಬ್ಬರಿಗೆ ಬರುತ್ತದೆ, ಸಾಯುವುದು 48ರಲ್ಲಿ ಒಬ್ಬರು. ಬರುವುದು ಕಡಿಮೆ, ಸಾವು ಜಾಸ್ತಿ! ತಡವಾಗಿ ಗೊತ್ತಾಗುತ್ತದೆ, ಗೊತ್ತಾದರೂ ಚಿಕಿತ್ಸೆ ಕೈಗೆಟುಕುವುದಿಲ್ಲ.

ನನಗೂ ಒಮ್ಮೆ ಗಂಟು ಕೈಗೆ ಸಿಕ್ಕಿತ್ತು. ನೋವಿಲ್ಲವಲ್ಲ ಅಂತ, ನಾಚಿಕೆಯೂ ಆಗಿ, ಮೂರು ತಿಂಗಳು ಯಾರಿಗೂ ಹೇಳದೆ ಒಳಗೊಳಗೇ ಹೆದರಿಕೊಂಡಿದ್ದೆ. ಕೊನೆಗೆ ಅದು ಕ್ಯಾನ್ಸರ್ ಆಗಿರಲಿಲ್ಲ, ಹೆಚ್ಚಿನ ಗಂಟುಗಳು ಆಗಿರುವುದೂ ಇಲ್ಲ. ಆದರೆ ಕ್ಯಾನ್ಸರ್ ಗಂಟು ಕೂಡ ಶುರುವಿನಲ್ಲಿ ನೋಯದೇ ಇರಬಹುದು, ಇದನ್ನು ಮರೆಯಬೇಡ.

ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಕಥೆ ಬೇರೆ. ಅದಕ್ಕೆ ಕಾರಣ ಎಚ್‌ಪಿವಿ ವೈರಸ್. ಇದನ್ನು ಕಂಡುಹಿಡಿದ ಹಾರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು, ಈಗ ಲಸಿಕೆಯೂ ಇದೆ. ಹಾಗಿದ್ದೂ 2022ರಲ್ಲಿ ಸುಮಾರು ಮೂರೂವರೆ ಲಕ್ಷ ಹೆಂಗಸರು ಅದರಿಂದಲೇ ಹೋದರು. ತಡೆಯಬಹುದಾದ ಸಾವು, ಅಲ್ವಾ? ಲಸಿಕೆಯನ್ನು 9ರಿಂದ 14 ವರ್ಷದೊಳಗೆ ಹಾಕಿಸುವುದು ಒಳ್ಳೆಯದು. ನಿನ್ನ ಮಗಳಿಗೆ ಹತ್ತು ತುಂಬಿದೆ, ಮುಂದೆ ಹಾಕಬೇಡ. ನಿನಗೂ ಮೂವತ್ತು ದಾಟಿತು, ಎಚ್‌ಪಿವಿ ಪರೀಕ್ಷೆ ಮಾಡಿಸು. ಸರಿ ಬಂದರೆ ಮತ್ತೆ 5ರಿಂದ 10 ವರ್ಷಕ್ಕೊಮ್ಮೆ ಸಾಕು.

ಮದ್ಯ ಸ್ವಲ್ಪ ಕುಡಿದರೂ ಸ್ತನ ಕ್ಯಾನ್ಸರ್ ಅಪಾಯ ಏರುತ್ತದೆ. ಮುಟ್ಟು ನಿಂತ ಮೇಲೆ ಮೈತೂಕ ಏರಿದರೂ ಹಾಗೇ, ಗರ್ಭಕೋಶದ ಕ್ಯಾನ್ಸರಿಗೂ ತೂಕ ದೊಡ್ಡ ಕಾರಣ. ನಿಮ್ಮಮ್ಮನಿಗೂ ಹೇಳು, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ನಾನು ಹೇಳಿದರೆ ಅವಳು ಮಾತು ತೇಲಿಸಿಬಿಡುತ್ತಾಳೆ, ನಿನ್ನ ಮಾತಾದರೆ ಕೇಳುತ್ತಾಳೆ.

ಯಾವ ದಿನ ಹೋಗುತ್ತೀಯ ಅಂತ ತಿಳಿಸು. ಒಬ್ಬಳೇ ಹೋಗಬೇಡ, ನಾನೂ ಬರುತ್ತೇನೆ.

ನಿನ್ನ ದೊಡ್ಡಮ್ಮ