ಒಬ್ಬರೇ ಆಡುವ ನಾಟಕ ನಮ್ಮ ಬಳ್ಳಾರಿಗೂ ಬರಲಿ

ಬಳ್ಳಾರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಮಾನ್ಯರೇ, ರಂಗನಟ ಬಳ್ಳಾರಿ ರಾಘವರ ಈ ಊರಲ್ಲಿ ವರ್ಷಕ್ಕೊಮ್ಮೆ ಏಕವ್ಯಕ್ತಿ ನಾಟಕಗಳ ಉತ್ಸವ ನಡೆಸಿ. ಬೇರೆ ರಾಜ್ಯದವರು, ಬೇರೆ ದೇಶದವರು ಬಂದು ಆಡಲಿ. ಸೆಟ್ಟು ಹೊರುವ ಲಾರಿ ಬೇಡ, ದೊಡ್ಡ ತಂಡಕ್ಕೆ ಊಟ-ವಸತಿ ನೋಡಬೇಕಿಲ್ಲ. ನೂರಿನ್ನೂರು ಜನ ಕೂರುವ ಜಾಗ, ನಾಲ್ಕು ಲೈಟು ಇದ್ದರೆ ಆಯ್ತು.

ಜಪಾನಿನಲ್ಲಿ ರಾಕುಗೋ ಅಂತ ಒಂದು ಕಲೆಯಿದೆ. ದಿಂಬಿನ ಮೇಲೆ ಮಂಡಿಯೂರಿ ಕೂತ ಕಲಾವಿದರು ಕಥೆ ಮುಗಿಯುವವರೆಗೂ ಮೇಲೇಳುವುದಿಲ್ಲ. ಕೈಯಲ್ಲಿ ಒಂದು ಬೀಸಣಿಗೆ, ಒಂದು ಬಟ್ಟೆ, ಅಷ್ಟೇ. ಮಡಿಸಿದ ಬೀಸಣಿಗೆಯೇ ಊಟದ ಕಡ್ಡಿಯಾಗುತ್ತದೆ. ಮುಖ ಅತ್ತ ತಿರುಗಿದರೆ ಯಜಮಾನ, ಇತ್ತ ತಿರುಗಿದರೆ ಆಳು. ಛತ್ತೀಸಗಢದ ತೀಜನ್ ಬಾಯಿ ಮಹಾಭಾರತದ ಕಥೆ ಹೇಳುವ ಪಾಂಡವಾನಿ ಹಾಡುವಾಗ ಅವರ ತಂಬೂರಿಯೇ ಭೀಮನ ಗದೆ. ನಮ್ಮ ದಾರೋಜಿ ಈರಮ್ಮನವರೂ ಹಾಗೇ ಅಲ್ವಾ? ಅಕ್ಷರ ಕಲಿಯದ ಆ ತಾಯಿ ಎಷ್ಟೊಂದು ಬುರ್ರಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ಅವರು ತೀರಿಕೊಂಡರು.

ಇನ್ನೊಂದು ಮಾತು ಹೇಳಲೇಬೇಕು. 1991ರಲ್ಲಿ ನ್ಯೂಯಾರ್ಕಿನ ಕ್ರೌನ್ ಹೈಟ್ಸ್ ಬಡಾವಣೆಯಲ್ಲಿ ಕಪ್ಪು ಜನರಿಗೂ ಯಹೂದಿಗಳಿಗೂ ಗಲಭೆಯಾಯಿತು. ನಟಿ ಅನ್ನಾ ಡೆವೇರ್ ಸ್ಮಿತ್ ಎರಡೂ ಕಡೆಯವರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಅವರವರ ಮಾತನ್ನು, ತಡವರಿಕೆ ಸಮೇತ, ಹಾಗೇ ರಂಗದ ಮೇಲೆ ಆಡಿದರು. 20ಕ್ಕೂ ಹೆಚ್ಚು ಪಾತ್ರ, ಎಲ್ಲಾ ಅವರೇ. ಒಬ್ಬರ ಮುಖ ಒಬ್ಬರು ನೋಡದ ಜನ ಒಂದೇ ದೇಹದಲ್ಲಿ ಮಾತಾಡಿದರು.

ಇದು ನಮಗೆ ತುಂಬಾ ಬೇಕಾದ ವಿದ್ಯೆ. ಸಂಡೂರಿನ ಗಣಿ ಧೂಳಿನಲ್ಲಿ ಬೆಳೆ ಕಳಕೊಂಡ ರೈತ, ಅದೇ ಗಣಿಯ ಲಾರಿ ಓಡಿಸಿ ಮಕ್ಕಳನ್ನು ಓದಿಸಿದ ಡ್ರೈವರ್, ದಿನವಿಡೀ ಜೀನ್ಸ್ ಹೊಲಿಯುವ ಹೆಣ್ಣುಮಗಳು. ಇವರ ಬಗ್ಗೆ ಬೇರೆಯವರೇ ಜಾಸ್ತಿ ಮಾತಾಡಿದ್ದಾರೆ. ನಮ್ಮ ಹುಡುಗ ಹುಡುಗಿಯರು ಇವರ ಮಾತು ಕೇಳಿಸಿಕೊಂಡು, ನಮ್ಮ ಬಳ್ಳಾರಿ ಕನ್ನಡದಲ್ಲೇ ಆಡಬೇಕು.

ಅದಕ್ಕೇ ಬಂದ ಕಲಾವಿದರು ಸುಮ್ನೆ ಆಡಿ ಹೋಗುವುದು ಬೇಡ. ಎರಡು ದಿನ ಉಳಿದು ಸರ್ಕಾರಿ ಕಾಲೇಜಿನ ಮಕ್ಕಳಿಗೆ ಕಲಿಸಲಿ. ಬೇರೆ ಭಾಷೆಯ ನಾಟಕಕ್ಕೆ ಕಥೆಯ ಸಾರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಕೊಡಿ. ಬಿಸಿಲಿನ ತಿಂಗಳು ಬಿಟ್ಟು ಡಿಸೆಂಬರ್‌ನಲ್ಲಿ ಇಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಹೇಳಿ ಈ ಸಲದ ಕಾರ್ಯಕ್ರಮ ಪಟ್ಟಿಯಲ್ಲೇ ಸೇರಿಸಿ, ಸ್ಥಳೀಯ ರಂಗಕರ್ಮಿಗಳನ್ನು ಒಮ್ಮೆ ಕರೆದು ಮಾತಾಡಿ. ನಾವು ಬರುತ್ತೇವೆ.

ಇಂತಿ,
ಬಳ್ಳಾರಿಯ ಒಬ್ಬ ರಂಗಾಸಕ್ತ