ಒಂದೇ ಸಲ ಕೇಳುವ ಊರು

ಈ ಸಲದ ಸಂಪಾದಕೀಯವನ್ನು ಜರ್ಮನಿಯಲ್ಲಲ್ಲ, ತುಮಕೂರಿನಲ್ಲಿ ಅಮ್ಮನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ರಜೆಗೆ ಬಂದವನಿಗೆ ಇಲ್ಲೊಂದು ಕೆಲಸ ಅಂಟಿಕೊಂಡಿದೆ. ಎದುರು ಮನೆಯ ಹುಡುಗಿ ವಿದ್ಯಾರ್ಥಿ ವಿನಿಮಯ ಅಂತ ಹತ್ತು ತಿಂಗಳಿಗೆ ನಮ್ಮ ಜರ್ಮನಿಗೇ ಹೋಗಿದ್ದಾಳೆ. ಹೋಗಿ ಆರು ದಿನ. ಅಲ್ಲಿ ಸಂಜೆ 6ಕ್ಕೆ ಅವಳು ಫೋನ್ ಮಾಡಿದರೆ ಇಲ್ಲಿ ರಾತ್ರಿ 9:30. ಫೋನ್ ಇಟ್ಟ ಕೂಡಲೇ ಅವರಮ್ಮ ನಮ್ಮ ಗೇಟು ತೆಗೆಯುತ್ತಾರೆ.

"ರಾತ್ರಿ ಒಲೆನೇ ಹಚ್ಚಲ್ವಂತೆ. ಬರೀ ಬ್ರೆಡ್ಡು, ಚೀಸು, ಸೌತೆಕಾಯಿ." ಅಲ್ಲಿ ಎಷ್ಟೋ ಮನೆಗಳಲ್ಲಿ ಬಿಸಿ ಊಟ ಮಧ್ಯಾಹ್ನಕ್ಕೆ, ರಾತ್ರಿ ಊಟದ ಹೆಸರೇ ಆಬೆಂಡ್‌ಬ್ರೋಟ್, ಅಂದರೆ ಸಂಜೆಯ ಬ್ರೆಡ್ಡು ಅಂದೆ. ಬಿಸಿ ಮುದ್ದೆ ಇಳಿಯದಿದ್ದರೆ ನಿದ್ದೆ ಬಾರದ ಊರಿನಲ್ಲಿ ಇದನ್ನು ಯಾರು ನಂಬುತ್ತಾರೆ? ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ್ದವು ಅಂದಿದ್ದಕ್ಕೆ "ಏನು, ಬಂದ್ ಇತ್ತಾ?" ಅಂದರು. ಭಾನುವಾರದ ವಿಶ್ರಾಂತಿ ಅಲ್ಲಿ ಸಂವಿಧಾನದಲ್ಲೇ ಇದೆ, 1919ರ ಮಾತನ್ನು 1949ರಲ್ಲೂ ಹಾಗೇ ಉಳಿಸಿಕೊಂಡರು ಅಂತ ಶುರು ಮಾಡಿದೆ. "ಹಾಗಾದ್ರೆ ಹಾಲು?" ಅಂದರು.

ನಿಜವಾದ ಪೇಚು ಮಾತ್ರ "ಬೇಡ" ಅನ್ನೋದರದು. ಎರಡನೇ ದಿನ ಅವಳು ಉಳಿದುಕೊಂಡಿರುವ ಮನೆಯಾಕೆ, ಇನ್ನೂ ಸ್ವಲ್ಪ ಆಲೂಗಡ್ಡೆ ಹಾಕಲಾ ಅಂದಿದ್ದಾರೆ. ಇವಳು ಸಂಕೋಚಕ್ಕೆ ಬೇಡ ಅಂದಿದ್ದಾಳೆ. ಪಾತ್ರೆ ಒಳಗೆ ಹೋಯಿತು. ಸಿದ್ಧಗಂಗೆಯಲ್ಲಿ ದಿನಾ ಸಾವಿರಾರು ಮಕ್ಕಳಿಗೆ ದಾಸೋಹ ನಡೆಯುವ ಊರಿನ ಹುಡುಗಿ ಅರ್ಧ ಹೊಟ್ಟೆಯಲ್ಲಿ ಮಲಗಿದಳು! ನಮ್ಮಲ್ಲಿ ಮೊದಲ ಬೇಡ ನಾಚಿಕೆಗೆ, ಎರಡನೆಯದು ಮರ್ಯಾದೆಗೆ. ಮೂರನೇ ಸಲ ಯಾರೂ ಕೇಳುವುದಿಲ್ಲ, ಎಲೆಗೆ ಹಾಕಿಬಿಡುತ್ತಾರೆ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಸಾರು. ಅಲ್ಲಿಯವರಿಗೆ, ಬೇಡ ಅಂದವರನ್ನು ಬಲವಂತ ಮಾಡುವುದೇ ಒರಟುತನ. ಇಬ್ಬರೂ ಮರ್ಯಾದಸ್ಥರೇ. ಹಸಿದವಳು ಇವಳು. ನಾನೂ ಹೀಗೇ ನಾಲ್ಕು ರಾತ್ರಿ ಹಸಿದ ಮೇಲೆ "ಹೂಂ, ಹಾಕಿ" ಅನ್ನಲು ಕಲಿತದ್ದು.

ಮೊದಲ ದಿನವೇ ಮನೆ ಬೀಗದ ಕೈ ಕೊಟ್ಟು, ನೀನೇ ಹೋಗಿ ಬಂದು ಮಾಡು ಅಂದರಂತೆ. ಅವರಮ್ಮನಿಗೆ ಅದು ಅಸಡ್ಡೆ ಅನ್ನಿಸಿದೆ. ಅಲ್ಲಿ ಒಂದು ಕೀ ಕಳೆದರೆ ಕೆಲವೊಮ್ಮೆ ಇಡೀ ಕಟ್ಟಡದ ಬೀಗ ಬದಲಿಸುವ ಖರ್ಚು ಬೀಳುತ್ತದೆ. ಅದನ್ನು ಬಂದ ದಿನವೇ ಹುಡುಗಿಯ ಕೈಗೆ ಕೊಟ್ಟಿದ್ದಾರೆ. ಇನ್ನೆಂಥ ಉಪಚಾರ ಬೇಕು?

ಜರ್ಮನಿಯಲ್ಲಿರುವ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಆಗಲೇ "ಶನಿವಾರ ನಮ್ಮನೆಗೆ, ಬಿಸಿಬೇಳೆಬಾತ್" ಅಂತ ಮೂರು ಮನೆಯವರು ಸಾಲು ನಿಂತಿದ್ದಾರೆ. ದಯವಿಟ್ಟು ತಡೆಯಿರಿ. ಈಗಲೇ ನಮ್ಮ ಸಾರು ಸಿಕ್ಕರೆ ಆ ಮೇಜಿನಲ್ಲಿ ಕೇಳಿ ಹಾಕಿಸಿಕೊಳ್ಳಲು ಯಾವಾಗ ಕಲಿಯುತ್ತಾಳೆ? ದೀಪಾವಳಿಗೆ ಕರೆಯೋಣ, ಆ ಮನೆಯವರನ್ನೂ ಸೇರಿಸಿ. ಬಡಿಸುವಾಗ ಅವರನ್ನು ಒಂದೇ ಸಲ ಕೇಳಿ, ಸಾಕು.

ಮುಂದಿನ ವಾರ ವಾಪಸ್ ಬರುತ್ತೇನೆ. ನಿನ್ನೆ ಅವರಮ್ಮ ಹುಚ್ಚೆಳ್ಳು ಚಟ್ನಿಪುಡಿ, ನಿಪ್ಪಟ್ಟು ತುಂಬಿದ ಚೀಲ ತಂದು "ಹೋದ ದಿನವೇ ಕೊಟ್ಟುಬಿಡಿ" ಅಂದರು. ಬೇಡ, ತೂಕ ಜಾಸ್ತಿ ಆಗುತ್ತೆ ಅಂದೆ. ಮತ್ತೊಂದು ಸಲವೂ ಅಂದೆ. ಚೀಲ ಈಗ ನನ್ನ ಸೂಟ್‌ಕೇಸಿನಲ್ಲಿದೆ.